ತಿಂದು ಮುಗಿಸಿದ ರೊಕ್ಕ

ನಮ್ಮ ಶಾಲೆಯ ಸಂತೆಯಲ್ಲಿ ಹನ್ನೊಂದೂವರೆಗೆ ರೊಕ್ಕ ಹುಟ್ಟಿತು. ಹನ್ನೆರಡೂ ಕಾಲಿಗೆ ಮಕ್ಕಳು ಅದನ್ನು ತಿಂದು ಮುಗಿಸಿದರು. ಸಿಪ್ಪೆ ಮಾತ್ರ ಉಳಿಯಿತು. ಗುಡಿಸಿದ್ದು ನಾನೇ.

ಶುರುವಿನಿಂದ ಹೇಳಿಬಿಡುತ್ತೇನೆ. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಮಾಸ್ತರ. ವರ್ಷಕ್ಕೊಮ್ಮೆ ಮಕ್ಕಳ ಸಂತೆ ಮಾಡುತ್ತೇವೆ. ಹುಡುಗರು ಹೊಲದಿಂದ, ಮನೆಯಿಂದ ಏನಾದರೂ ತರುತ್ತಾರೆ. ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ. ಗಂಟಲು ಹರಿಯುವ ಹಾಗೆ ಕೂಗಿ ಮಾರುತ್ತಾರೆ. ಲೆಕ್ಕ ಕಲಿಯಲಿ, ತೂಕ ಅಳತೆ ಗೊತ್ತಾಗಲಿ, ಚಿಲ್ಲರೆ ಎಣಿಸಲಿ ಅಂತ ಇದನ್ನು ಮಾಡುವುದು. ಊರಿನವರೂ ಬಂದು ಕೊಳ್ಳುತ್ತಾರೆ. ಅವತ್ತು ಯಾರೂ ಗೈರುಹಾಜರಿ ಇರುವುದಿಲ್ಲ.

ಈ ಸಲ ನನಗೊಂದು ಹುಚ್ಚು ಯೋಚನೆ ಬಂತು. ಮೊದಲ ಎರಡು ತಾಸು ರೊಕ್ಕ ಬಂದ್. ಏನಿದ್ದರೂ ಕೊಟ್ಟು ತಗೊಳ್ಳಬೇಕು. ಹನ್ನೆರಡೂವರೆಯಿಂದ ರೊಕ್ಕ ಶುರು. ಹೆಡ್‌ಮಾಸ್ತರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಇಷ್ಟವಿಲ್ಲ ಅಂದರೆ ಹಾಗೆ ಮಾಡುತ್ತಾರೆ. "ಮಂದಿ ನಗ್ತಾರ ನೋಡ್ರಿ" ಅಂದರು. ಮಂದಿ ನಕ್ಕರು ಕೂಡ. ಇರಲಿ.

ಯಾಕೆ ಮಾಡಿದೆ ಅಂದರೆ, ನನ್ನ ಪಾಠ ಸೋತಿತ್ತು. ಹಲಗೆಯ ಮೇಲೆ "ಸಾಟಿ ವಿನಿಮಯ: ವಸ್ತುವನ್ನು ಕೊಟ್ಟು ವಸ್ತುವನ್ನು ಪಡೆಯುವುದು" ಅಂತ ಬರೆದಿದ್ದೆ. ಮಕ್ಕಳು ಬರೆದುಕೊಂಡರು. ಪರೀಕ್ಷೆಯಲ್ಲೂ ಬರೆದರು. ಒಬ್ಬ "ಸಾಟಿ ವಿನಿಮಯ ಹಿಂದಿನ ಕಾಲದಲ್ಲಿ ಕಾಡುಮನುಷ್ಯರು ಮಾಡುತ್ತಿದ್ದರು" ಅಂತ ಸೇರಿಸಿದ್ದ. ಅವನಿಗೂ ಪೂರ್ತಿ ಅಂಕ ಕೊಟ್ಟಿದ್ದೆ. ಅದೇ ದಿನ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅದೇ ಹುಡುಗ ತನ್ನ ಮೊಟ್ಟೆ ಕೊಟ್ಟು ಪಕ್ಕದವನ ಬಾಳೆಹಣ್ಣು ತಗೊಳ್ಳುತ್ತಿದ್ದ! ನಮ್ಮ ಭಾಗದ ಶಾಲೆಗಳಲ್ಲಿ 2021ರ ಕೊನೆಯಿಂದ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ಒಲ್ಲದವರಿಗೆ ಬಾಳೆಹಣ್ಣು. ಕೊಟ್ಟ ಮರುಗಳಿಗೆಯೇ ಅದಲಿ-ಬದಲಿ ಶುರು. ಅದಕ್ಕೊಂದು ದರವೂ ಇದೆ. ಹಣ್ಣು ಸಣ್ಣದಿದ್ದರೆ ಮೇಲೊಂದು ಪೆಪ್ಪರಮೆಂಟು. "ಇವತ್ತು ಕೊಡು, ಮುಂದಿನ ಸಲ ನಂದು ನಿಂಗ" ಅನ್ನುವ ಉದ್ರಿ ವ್ಯವಹಾರವೂ ಇದೆ. ಕಾಡುಮನುಷ್ಯರು ನನ್ನೆದುರೇ ಸಾಲಾಗಿ ಕೂತು ಉಣ್ಣುತ್ತಿದ್ದರು.

ಸಂತೆಯ ದಿನ ಬಂದ ಮಾಲು ಕೇಳಿ. ಮೆಂತ್ಯಪಲ್ಲೆ, ಕೊತ್ತಂಬರಿ, ಹಸಿ ಕಡಲೆಗಿಡದ ಸುಲಗಾಯಿ, ಬೇಲಿಯ ಬಾರಿಹಣ್ಣು, ಹುಣಸೆಹಣ್ಣು, ಕೊಡದ ತುಂಬ ಮಜ್ಜಿಗೆ. ಒಬ್ಬಳು ತಾಯಿಯ ಕೈಯಲ್ಲಿ ಮಾಡಿಸಿಕೊಂಡು ಬಂದ ಮಂಡಕ್ಕಿ ಒಗ್ಗರಣಿ-ಮಿರ್ಚಿ. ಇಬ್ಬರು ಪೆನ್ನು, ನೋಟ್‌ಬುಕ್ಕು. ಒಬ್ಬ ಒಂದು ಸೇರು ಹುರಿದ ಶೇಂಗಾ. ಮತ್ತೆ ಏಳನೇ ತರಗತಿಯ ಒಬ್ಬ ಧೀರ, ಕಾಲಿಗೆ ಹಗ್ಗ ಕಟ್ಟಿದ ಒಂದು ಜೀವಂತ ಹ್ಯಾಟೆ.

ಹ್ಯಾಟೆಯವನಿಗೆ ಬೇಕಾಗಿದ್ದು ಒಂದು ನೋಟ್‌ಬುಕ್ಕು, ಒಂದು ಪ್ಲೇಟು ಒಗ್ಗರಣಿ. ಒಗ್ಗರಣಿಯವಳು ಮುಖ ತಿರುಗಿಸಿದಳು. "ನಮ್ಮನ್ಯಾಗ ಕೋಳಿ ತಿನ್ನಂಗಿಲ್ಲ, ಒಯ್ದು ಏನ್ ಮಾಡ್ಲಿ?" ನೋಟ್‌ಬುಕ್ಕಿನವನಿಗೆ ಕೋಳಿಯ ಮೇಲೆ ಆಸೆ ಇತ್ತು. ಆದರೆ ಅವನ ಹತ್ತಿರ ಇದ್ದದ್ದು ಬರೀ ಮೂರು ನೋಟ್‌ಬುಕ್ಕು. ಹ್ಯಾಟೆಗೆ ಅದು ಸಾಲುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

"ಹಂಗಾದ್ರ ಕಾಲು ಕೋಳಿ ಕೊಡು" ಅಂದ ನೋಟ್‌ಬುಕ್ಕಿನವ.

"ಯಾವ ಕಾಲು? ಎಡಗಾಲೋ ಬಲಗಾಲೋ?" ಅಂದ ಇವನು.

ಸುತ್ತ ನಿಂತಿದ್ದ ಊರಿನವರು ಬಿದ್ದು ಬಿದ್ದು ನಕ್ಕರು. ಕೋಳಿಯೊಂದು ನಗಲಿಲ್ಲ. ನನಗೆ ಮಾತ್ರ ಖುಷಿಯಾಯಿತು. ಒಂದು ವಸ್ತುವನ್ನು ಕೊಲ್ಲದೆ, ಕೆಡಿಸದೆ ಪಾಲು ಮಾಡಲು ಬರದಿದ್ದರೆ ಅದನ್ನು ಕೊಟ್ಟು ಸಣ್ಣ ಸಣ್ಣ ಸಾಮಾನು ತಗೊಳ್ಳುವುದು ಎಷ್ಟು ಕಷ್ಟ ಅಂತ ನಾನು ಇಡೀ ಪಿರಿಯಡ್ ಹೇಳಿದರೂ ಹೀಗೆ ಹೇಳಲು ಆಗುತ್ತಿರಲಿಲ್ಲ.

ಕೊತ್ತಂಬರಿಯವಳ ಕಷ್ಟ ಬೇರೆ. ಹತ್ತೂವರೆಗೆ ಅವಳದು ಜೋರು. ಒಂದು ಕಟ್ಟಿಗೆ ಒಂದು ಪೆನ್ನು ಕೇಳುತ್ತಿದ್ದಳು. ಹನ್ನೊಂದಾಯಿತು, ಬಿಸಿಲೇರಿತು, ಸೊಪ್ಪು ಜೋತುಬಿತ್ತು. ನೀರು ಚಿಮುಕಿಸಿದಳು. ಎರಡು ಕಟ್ಟಿಗೆ ಒಂದು ಪೆನ್ನು ಅಂದಳು. ಆಮೇಲೆ ಮೂರು. ಕೊನೆಗೆ "ಏನರ ಕೊಡ್ರಿ, ತಗೊಂಡ್ ಹೋಗ್ರಿ" ಅಂತ ಅಳುವ ದನಿ. ಪಕ್ಕದಲ್ಲಿ ಹುಣಸೆಹಣ್ಣಿನವಳು ಕಾಲು ಚಾಚಿ ಕೂತಿದ್ದಳು. ಅವಳಿಗೇನು ಅವಸರ? ಹುಣಸೆ ಒಂದು ವರ್ಷ ಇಟ್ಟರೂ ಹುಣಸೆಯೇ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಸುರಿದು ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಅದು ಬರಗಾಲಕ್ಕಷ್ಟೇ ಅಲ್ಲ. ಕೆಡದೆ ಉಳಿದದ್ದಕ್ಕೆ ಕಾಯುವ ಶಕ್ತಿ ಇರುತ್ತದೆ. ಕಾಯುವವನಿಗೆ ಬೆಲೆ ಇರುತ್ತದೆ. ಕೊತ್ತಂಬರಿ ಬೆಳೆದವನಿಗೆ ಇವತ್ತಿಗೂ ಅದಿಲ್ಲ.

ಆರನೇ ತರಗತಿಯ ಒಬ್ಬ ಹುಡುಗಿ ಏನನ್ನೂ ತಂದಿರಲಿಲ್ಲ. ಸುಮ್ನೆ ಎಲ್ಲರ ಮುಂದೆ ತಿರುಗಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಾಲ್ಕು ಜನರನ್ನು ಕೈಹಿಡಿದು ಎಳೆತಂದು ದುಂಡಗೆ ನಿಲ್ಲಿಸಿದಳು. ಮೆಂತ್ಯದವಳಿಗೆ ಮಜ್ಜಿಗೆ ಬೇಕು. ಮಜ್ಜಿಗೆಯವನಿಗೆ ಪೆನ್ನು ಬೇಕು. ಪೆನ್ನಿನವನಿಗೆ ಸುಲಗಾಯಿ. ಸುಲಗಾಯಿಯವನ ಮನೆಯಲ್ಲಿ ಅವತ್ತು ಮೆಂತ್ಯ ತರಲು ಹೇಳಿದ್ದರು. ಇಬ್ಬಿಬ್ಬರಾಗಿ ನೋಡಿದರೆ ಯಾರ ವ್ಯವಹಾರವೂ ಕುದುರುವುದಿಲ್ಲ. "ಎಲ್ಲಾರೂ ಬಲಗಡಿ ಕೊಡ್ರಿ, ಎಡಗಡಿ ತಗೋರಿ" ಅಂದಳು. ಒಂದೇ ಏಟಿಗೆ ನಾಲ್ಕೂ ಮುಗಿದವು. ಆಮೇಲೆ ಸುಲಗಾಯಿಯವನ ಮುಂದೆ ಕೈಯೊಡ್ಡಿದಳು. "ನಂದೊಂದು ಹಿಡಿ." ದಲಾಲಿ! ಎಪಿಎಂಸಿ ಅಂಗಳವನ್ನು ಕಣ್ಣಲ್ಲೂ ನೋಡದ ಮಗು ಅದು.

ಇಷ್ಟರಲ್ಲಿ ಶೇಂಗಾ ತನ್ನ ಕೆಲಸ ಶುರು ಮಾಡಿತ್ತು. ಮೊದಲು ಯಾರೂ ಗಮನಿಸಲಿಲ್ಲ, ನಾನೂ ಕೂಡ. ಶೇಂಗಾದವನು ಹತ್ತು ಕಾಯಿಗೆ ಒಂದು ಲೋಟ ಮಜ್ಜಿಗೆ ಕುಡಿದ. ಮಜ್ಜಿಗೆಯವನು ಆ ಹತ್ತನ್ನು ತಿನ್ನಲಿಲ್ಲ. ಜೇಬಿಗೆ ಹಾಕಿಕೊಂಡ. ಹೋಗಿ ಬಾರಿಹಣ್ಣು ತಗೊಂಡ. ಬಾರಿಹಣ್ಣಿನ ಹುಡುಗಿ ಅದನ್ನು ಕೊಟ್ಟು ರಿಬ್ಬನ್ ತಗೊಂಡಳು. ರಿಬ್ಬನ್ ಮಾರುವವನ ಮುಂದೆ ನಾನು ನಿಂತೆ.

"ನಿನಗ ಶೇಂಗಾ ಬೇಕಾಗಿತ್ತೇನೋ?"

"ನಂಗ ಬ್ಯಾಡಾಗಿತ್ರಿ ಸರ್. ಒಗ್ಗರಣಿಯಾಕಿ ತಗೋತಾಳ, ಅದಕ್ಕ ಇಟ್ಕೊಂಡೀನ್ರಿ."

ಅಷ್ಟೇ. ಹಣ ಅಂದರೆ ಏನು ಅನ್ನುವುದಕ್ಕೆ ನಾನು ಇಷ್ಟು ವರ್ಷ ಹಲಗೆಯ ಮೇಲೆ ಬರೆಸಿದ ಯಾವ ವಾಕ್ಯವೂ ಇದರ ಹತ್ತಿರ ಬರುವುದಿಲ್ಲ. ನನಗೆ ಬೇಡ, ಆದರೆ ಅವಳು ತಗೊಳ್ಳುತ್ತಾಳೆ. ನಾನು ಯಾರಿಗೂ ಇದನ್ನು ಹೇಳಿಕೊಟ್ಟಿರಲಿಲ್ಲ. ಯಾರೂ ಸಭೆ ಸೇರಿ ತೀರ್ಮಾನ ಮಾಡಲೂ ಇಲ್ಲ. ಅರ್ಧ ತಾಸಿನೊಳಗೆ ಎಲ್ಲದಕ್ಕೂ ಶೇಂಗಾದ ದರ ಬಂದುಬಿಟ್ಟಿತ್ತು. ಮಜ್ಜಿಗೆ ಹತ್ತು, ಪೆನ್ನು ಹದಿನೈದು, ಒಗ್ಗರಣಿ ಇಪ್ಪತ್ತು.

ಆಮೇಲೆ ಇನ್ನೊಂದು ಮಜಾ ನಡೆಯಿತು. ಮೂರು ಕಾಳಿನ ಕಾಯಿ ಸಿಕ್ಕವರು ಅದನ್ನು ಬಾಯಿಗೆ ಹಾಕಿಕೊಂಡರು. ಒಂಟಿ ಕಾಳಿನವನ್ನು, ಸೊಟ್ಟವನ್ನು ಮುಂದಿನವರಿಗೆ ದಾಟಿಸಿದರು. ಹನ್ನೆರಡರ ಹೊತ್ತಿಗೆ ಸಂತೆಯಲ್ಲಿ ತಿರುಗುತ್ತಿದ್ದದ್ದೆಲ್ಲ ಪೊಳ್ಳು ಕಾಯಿ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಪೇಟೆಯಿಂದ ಓಡಿಸುತ್ತದೆ ಅನ್ನುವ ನಿಯಮಕ್ಕೆ ಹದಿನಾರನೇ ಶತಮಾನದ ಇಂಗ್ಲೆಂಡಿನ ಥಾಮಸ್ ಗ್ರೆಶಮ್ ಹೆಸರಿದೆ. ನಮ್ಮ ಹುಡುಗರಿಗೆ ಅದು ಹಲ್ಲಿನಿಂದಲೇ ಗೊತ್ತಾಯಿತು. "ಹಾಡಿಸಿ ನೋಡ್ತೀನಿ" ಅಂತ ಒಬ್ಬಳು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆಮೇಲೆ ತಗೊಳ್ಳುತ್ತಿದ್ದಳು. ಹಳೆಯ ಕಾಲದಲ್ಲಿ ವ್ಯಾಪಾರಿಗಳು ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳುತ್ತಿದ್ದರಲ್ಲ, ಅದೇ.

ಹನ್ನೆರಡೂ ಕಾಲಿಗೆ ಹಸಿವಾಯಿತು. ಪೊಳ್ಳನ್ನೂ ಒಡೆದು ತಿಂದರು. ರೊಕ್ಕ ಖಲಾಸ್. ಆಗ ಸಂತೆ ಹೇಗೆ ನಿಂತುಹೋಯಿತು ಅಂದರೆ, ಕರೆಂಟ್ ಹೋದಾಗ ಹಿಟ್ಟಿನ ಗಿರಣಿ ನಿಲ್ಲುವ ಹಾಗೆ.

ಮರುದಿನ ತರಗತಿಯಲ್ಲಿ ಇದನ್ನೇ ಹಿಡಿದುಕೊಂಡೆ. ಶೇಂಗಾದ ಬದಲು ಏನಿದ್ದರೆ ಚೆನ್ನಾಗಿತ್ತು? ಗೋಲಿ ಅಂದರು, ಹುಣಸೆಬೀಜ ಅಂದರು. ಹುಣಸೆಬೀಜ ಬೇಡ, ಮನೆಯಿಂದ ಯಾರು ಬೇಕಾದರೂ ಚೀಲಗಟ್ಟಲೆ ತರುತ್ತಾರೆ ಅಂತ ಅವರೇ ತಳ್ಳಿಹಾಕಿದರು. ಕೊನೆಗೆ ಬಂಗಾರಕ್ಕೆ ಬಂದರು. ಬಂಗಾರ ನಮಗೆ ದೂರದ ಮಾತಲ್ಲ. ಪಕ್ಕದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇವತ್ತಿಗೂ ನೆಲದೊಳಗಿಂದ ತೆಗೆಯುತ್ತಾರೆ. ಬಂಗಾರವೇ ಯಾಕೆ ಅಂತ ಕೇಳಿದೆ. ತುಕ್ಕು ಹಿಡಿಯುವುದಿಲ್ಲ, ಕರಗಿಸಿ ಪಾಲು ಮಾಡಬಹುದು, ಸುಲಭಕ್ಕೆ ಸಿಗುವುದಿಲ್ಲ ಅನ್ನುವ ಉತ್ತರ ನಾನು ಎದುರು ನೋಡುತ್ತಿದ್ದೆ. ಹಿಂದಿನ ಬೆಂಚಿನಿಂದ ಬಂದದ್ದು ಇದು: "ಬಂಗಾರ ತಿನ್ನಾಕ ಬರಂಗಿಲ್ಲಲ್ರಿ, ಅದಕ್ಕ!"

ಹಾಗೇ ಹಂಪಿಗೆ ಹೋದೆವು. ಬಸ್ಸಿನಲ್ಲಲ್ಲ, ಹಲಗೆಯ ಮೇಲೆ. 1443ರಲ್ಲಿ ಪರ್ಶಿಯಾದಿಂದ ಅಬ್ದುಲ್ ರಜಾಕ್ ಅನ್ನುವ ರಾಯಭಾರಿ ವಿಜಯನಗರಕ್ಕೆ ಬಂದಿದ್ದ. ಇಲ್ಲಿನ ನಾಣ್ಯಗಳ ಲೆಕ್ಕವನ್ನೂ ಬರೆದಿಟ್ಟ. ಬಂಗಾರದ ವರಹ. ಅದರ ಅರ್ಧ ಪ್ರತಾಪ. ಪ್ರತಾಪದ ಹತ್ತನೇ ಒಂದು ಪಾಲು ಹಣ. ಹಣದ ಆರನೇ ಒಂದು ಪಾಲು ಬೆಳ್ಳಿಯ ತಾರ. ತಾರದ ಮೂರನೇ ಒಂದು ಪಾಲು ತಾಮ್ರದ ಜಿತಲ್. ಒಂದು ವರಹಕ್ಕೆ ಎಷ್ಟು ಜಿತಲ್? ಗುಣಿಸಿದರು. ಎರಡು ಹತ್ತಲಿ ಇಪ್ಪತ್ತು, ಇಪ್ಪತ್ತಾರಲಿ ನೂರಿಪ್ಪತ್ತು, ಮೂರರಿಂದ ಮುನ್ನೂರ ಅರವತ್ತು. 360! ಹ್ಯಾಟೆಯವನು ಎದ್ದು ನಿಂತು, "ಹಂಗಾದ್ರ ಅವರ ಕೋಳೀನ 360 ತುಂಡು ಮಾಡಿದ್ರೂ ಸಾಯಂಗಿಲ್ರೀ" ಅಂದ. ನಿನ್ನೆಯ ಅವಮಾನ ಅವನಿನ್ನೂ ಮರೆತಿರಲಿಲ್ಲ.

ಅಂದ ಹಾಗೆ, ನಾವು ಈಗ ಒಟ್ಟಾರೆ ಸಂಪತ್ತಿಗೆ ಬಳಸುವ 'ಹಣ' ಅನ್ನುವ ಮಾತು ಆಗ ಬೆರಳ ತುದಿಯಲ್ಲಿ ಹಿಡಿಯುವಷ್ಟು ಸಣ್ಣ ಬಂಗಾರದ ನಾಣ್ಯದ ಹೆಸರು. 'ದುಡ್ಡು' ಕೂಡ ಹಾಗೇ, ಒಂದು ತಾಮ್ರದ ನಾಣ್ಯ. ನಾಣ್ಯ ಹೋಯಿತು, ಹೆಸರು ಉಳಿಯಿತು. ಈಗಿನ 50 ರೂಪಾಯಿ ನೋಟು ತಿರುವಿದರೆ ಹಂಪಿಯ ಕಲ್ಲಿನ ರಥ ಇದೆ. ಹೊಳೆ ದಾಟಿದರೆ ಆನೆಗೊಂದಿ, ಅದು ನಮ್ಮದೇ ಜಿಲ್ಲೆ. ನಮ್ಮ ಮಕ್ಕಳಿಗೆ ಅದೊಂದು ಹೆಮ್ಮೆ.

ಇನ್ನು ಹನ್ನೆರಡೂವರೆಯ ಮೇಲಿನ ಕಥೆ. ರೊಕ್ಕ ಶುರು ಅಂದ ಕೂಡಲೇ ಅಂಗಳದ ಚಹರೆಯೇ ಬದಲಾಯಿತು. ವ್ಯಾಪಾರ ಸರಸರ ಸಾಗಿತು. ಹ್ಯಾಟೆ ಐದೇ ನಿಮಿಷದಲ್ಲಿ ಹೋಯಿತು. ಕೊಂಡವರು ಊರಿನವರೊಬ್ಬರು. ಹುಡುಗ ಆ ರೊಕ್ಕದಲ್ಲಿ ನೋಟ್‌ಬುಕ್ಕು ತಗೊಂಡು, ಒಗ್ಗರಣಿ ತಿಂದು, ಉಳಿದದ್ದನ್ನು ಎಣಿಸಿ ಎಣಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಅವನ ಮುಖ ನೋಡಿದ್ದರೆ ನೀವೂ ರೊಕ್ಕದ ಪಕ್ಷ ಸೇರುತ್ತಿದ್ದಿರಿ.

ಒಬ್ಬ ಹುಡುಗ ಬೆಳಗಿನಿಂದ ಮೂಲೆಯಲ್ಲಿ ಕೂತಿದ್ದ. ಅವನೂ ಮನೆಯಿಂದ ಏನೂ ತಂದಿರಲಿಲ್ಲ. ಆದರೆ ಅವನ ಅಪ್ಪ 100 ರೂಪಾಯಿಯ ನೋಟು ಕೊಟ್ಟು ಕಳಿಸಿದ್ದರು. ಎರಡು ತಾಸು ಯಾರೂ ಅವನನ್ನು ಮಾತಾಡಿಸಿರಲಿಲ್ಲ. ಈಗ ಎಲ್ಲರೂ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಅವನು ರಾಜನ ಹಾಗೆ ನಡೆದ. ಅತ್ತ ಬಾರಿಹಣ್ಣಿನ ಹುಡುಗಿಯನ್ನು ನೋಡಿದೆ. ಅವಳ ಮನೆಯಲ್ಲಿ ಕೊಟ್ಟು ಕಳಿಸಲು ರೊಕ್ಕ ಇರಲಿಲ್ಲ. ಬೇಲಿಗೆ ಕೈ ಹಾಕಿ, ಮುಳ್ಳು ತರಚಿಸಿಕೊಂಡು ತಂದ ಹಣ್ಣು. ಬೆಳಿಗ್ಗೆ ಅವಳು ಎಲ್ಲರಿಗೂ ಬೇಕಾಗಿದ್ದಳು. ಈಗಲೂ ಮಾರುತ್ತಿದ್ದಳು, ಆದರೆ ಮೊದಲು ಮಾರಬೇಕು, ಆಮೇಲೆ ಕೊಳ್ಳಬೇಕು. ಮೂಲೆಯ ಹುಡುಗ ನೇರವಾಗಿ ಕೊಳ್ಳುತ್ತಿದ್ದ. ಅವನ ಅಪ್ಪ ಎಂದೋ ಎಲ್ಲೋ ಮಾರಿ ಇಟ್ಟದ್ದು ಆ ನೋಟಿನಲ್ಲಿ ಮಡಚಿಕೊಂಡು ಕೂತಿತ್ತು. ತಪ್ಪು ಅಂತ ಹೇಳುತ್ತಿಲ್ಲ. ನೋಡಿದ್ದನ್ನು ಹೇಳಿದೆ.

ನಡುವೆ ಒಂದು ಜಗಳ. ಒಬ್ಬ 10 ರೂಪಾಯಿಯ ನಾಣ್ಯ ಕೊಟ್ಟ. ಮಜ್ಜಿಗೆಯವನು, "ಇದು ನಡಿಯಂಗಿಲ್ಲ, ನೋಟ್ ಕೊಡು" ಅಂದ. ನಮ್ಮ ಕಡೆ ಈ ನಾಣ್ಯದ ಮೇಲೆ ಎಷ್ಟೋ ವರ್ಷದಿಂದ ಒಂದು ಗುಮಾನಿ ಇದೆ. ಕಿರಾಣಿ ಅಂಗಡಿಯಲ್ಲಿ ತಗೊಳ್ಳುವುದಿಲ್ಲ, ಬಸ್ಸಿನಲ್ಲಿ ಮುಖ ಸಿಂಡರಿಸುತ್ತಾರೆ. ಅದುವರೆಗೆ ಬಂದಿದ್ದ 14 ನಮೂನೆಯ 10 ರೂಪಾಯಿ ನಾಣ್ಯಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸಾರಿ ಹೇಳಿದೆ. ನಾನೂ ಹೇಳಿದೆ. ಮಜ್ಜಿಗೆಯವನು ನನ್ನನ್ನೇ ಪ್ರಶ್ನೆ ಕೇಳಿದ. "ನೀವು ಹೇಳ್ತೀರಿ ಸರ್, ನಾಳೆ ಅಂಗಡ್ಯಾಂವ ತಗೋತಾನೇನ್ರಿ?" ಮತ್ತೆ ಅದೇ ಮಾತು, ಅಲ್ವಾ? ಶೇಂಗಾ ಆದರೇನು, ಸರ್ಕಾರದ ಮುದ್ರೆ ಆದರೇನು. ಮುಂದಿನವನು ತಗೊಳ್ಳುತ್ತಾನೆ ಅನ್ನುವ ನಂಬಿಕೆ ಇದ್ದರೆ ರೊಕ್ಕ, ಇಲ್ಲದಿದ್ದರೆ ಬಿಲ್ಲೆ.

ಇದಕ್ಕೆ ನಾನು ಚಾಕ್ಲೇಟಿನ ಲೆಕ್ಕ ಜೋಡಿಸಿದೆ. ಅಂಗಡಿಯಲ್ಲಿ ಒಂದು ರೂಪಾಯಿ ಚಿಲ್ಲರೆ ಇಲ್ಲ ಅಂತ ಚಾಕ್ಲೇಟು ಕೊಡುತ್ತಾರಲ್ಲ, ಅದು ಹಣವಾ? ಹೌದು ಅಂದರು ಅರ್ಧ ಮಂದಿ. ಸರಿ, ಐದು ಚಾಕ್ಲೇಟು ಕೂಡಿಸಿ ಒಯ್ದು ಅದೇ ಅಂಗಡಿಯಲ್ಲಿ ಐದು ರೂಪಾಯಿಯ ಬಿಸ್ಕೆಟ್ ಕೇಳಿ ಬನ್ನಿ ಅಂದೆ. ಇಬ್ಬರು ನಿಜವಾಗಿಯೂ ಹೋಗಿ ಬೈಸಿಕೊಂಡು ಬಂದರು. ಕೊಟ್ಟವನೇ ತಿರುಗಿ ತಗೊಳ್ಳುವುದಿಲ್ಲ ಅಂದರೆ ಅದೆಂಥ ರೊಕ್ಕ?

ಫೋನಿನ ವಿಷಯ ಹೇಳಲೇಬೇಕು. ಊರಿನ ಒಬ್ಬ ಯುವಕ ಒಗ್ಗರಣಿ ತಿಂದು ಮೊಬೈಲ್ ತೆಗೆದು "ಸ್ಕ್ಯಾನರ್ ಎಲ್ಲೈತಿ?" ಅಂದ. ಒಗ್ಗರಣಿಯವಳ ತಮ್ಮ ತಯಾರಾಗಿಯೇ ಬಂದಿದ್ದ. ನೋಟ್‌ಬುಕ್ಕಿನ ಹಾಳೆಯಲ್ಲಿ ಕಪ್ಪು ಪೆನ್ನಿನಿಂದ ಸಣ್ಣ ಸಣ್ಣ ಚೌಕ ಬರೆದು, ಮೂರು ಮೂಲೆಗೆ ದೊಡ್ಡ ಚೌಕ ಬಿಡಿಸಿ, ಅನ್ನದ ಅಗುಳಿನಿಂದ ರಟ್ಟಿಗೆ ಅಂಟಿಸಿದ್ದ. ಅವನ ಪಾಲಿಗೆ ರೊಕ್ಕ ಬರುವುದು ಆ ಚಿತ್ರದಿಂದ. ಯುವಕ ಫೋನ್ ಹಿಡಿದ. ಹಿಡಿದೇ ಇದ್ದ. "ನೆಟ್‌ವರ್ಕ್ ಇಲ್ಲ ಕಾಣ್ತೈತಿ" ಅಂದ ಹುಡುಗ, ಬಹಳ ಸಮಾಧಾನದಿಂದ. ಆಗ ನನಗೆ ಅನಿಸಿತು, ಈ ಮಕ್ಕಳಿಗೆ ಸಾಟಿ ವಿನಿಮಯ ವಿವರಿಸುವುದು ಸುಲಭ, ಅದನ್ನು ಅವರು ದಿನಾ ಮಾಡುತ್ತಾರೆ. ರೊಕ್ಕ ವಿವರಿಸುವುದೇ ಕಷ್ಟ. ಅವರು ಅದನ್ನು ನೋಡುವುದು ಕಡಿಮೆಯಾಗುತ್ತಿದೆ. ಟಿಂಗ್ ಅನ್ನುತ್ತದೆ, ಡಬ್ಬಿ "ಹಣ ಸ್ವೀಕರಿಸಲಾಗಿದೆ" ಅನ್ನುತ್ತದೆ, ಮುಗಿಯಿತು.

ಪುಸ್ತಕದ ಕಥೆ ನಿಮಗೂ ಗೊತ್ತು. ಮೊದಲು ಸಾಟಿ ವ್ಯಾಪಾರ ಇತ್ತು, ಅದರಲ್ಲಿ ತೊಂದರೆ ಬಂತು, ಅದಕ್ಕೆ ಹಣ ಹುಟ್ಟಿತು. 1776ರಲ್ಲಿ ಆ್ಯಡಂ ಸ್ಮಿತ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ಬರೀ ಸಾಟಿ ವ್ಯಾಪಾರದ ಮೇಲೇ ನಡೆದ ಒಂದು ಸಮಾಜವನ್ನೂ ಇದುವರೆಗೆ ಯಾರೂ ಕಂಡು ಬರೆದಿಲ್ಲ ಅಂತ ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ 1985ರಲ್ಲಿ ಹೇಳಿದರು. ಓದಿದಾಗ ನನಗೆ ನಮ್ಮ ಅಮ್ಮ ನೆನಪಾದಳು. ನಮ್ಮ ಕಡೆ ತಾಯಿಗೆ ಅವ್ವ ಅಂತೀವಿ, ಅಜ್ಜಿಗೆ ಅಮ್ಮ.

ಅಮ್ಮ ಗಡಿಗೆ ಕೊಳ್ಳುತ್ತಿದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಬೇಕಾದ ಮಗಿಯನ್ನು ಆರಿಸಿ, ಬೆರಳಿನಿಂದ ತಟ್ಟಿ ನೋಡಿ, ಅದರ ತುಂಬ ಜೋಳ ಸುರಿಯುತ್ತಿದ್ದಳು. ಆ ಜೋಳವೇ ಬೆಲೆ. ಮಗಿಯೇ ಅಳತೆ. ಕುಂಬಾರತಿ ಜೋಳವನ್ನು ತನ್ನ ಚೀಲಕ್ಕೆ ಸುರುವಿಕೊಂಡು ಖಾಲಿ ಮಗಿ ಕೊಟ್ಟು ಹೋಗುತ್ತಿದ್ದಳು. ಇದು ಪುಸ್ತಕದ ಸಾಟಿ ವ್ಯಾಪಾರ. ಆದರೆ ಹೀಗೆ ಕೈಗೆ ಕೈ ಮುಗಿಯುತ್ತಿದ್ದದ್ದು ಕಡಿಮೆ. ಜಾಸ್ತಿ ನಡೆಯುತ್ತಿದ್ದದ್ದು ನೆನಪಿನ ಮೇಲೆ. ಪಕ್ಕದ ಹೊಲಕ್ಕೆ ನಮ್ಮವರು ಮುಯ್ಯಾಳಾಗಿ ಹೋದರೆ ಕೊಯ್ಲಿಗೆ ಅವರು ನಮ್ಮ ಹೊಲಕ್ಕೆ ಬರಬೇಕು. ಮದುವೆಯಲ್ಲಿ ಯಾರು ಯಾವ ಆಯೇರಿ ಮಾಡಿದರು ಅನ್ನುವ ಪಟ್ಟಿ ಅಮ್ಮನ ತಲೆಯಲ್ಲಿ ಮೂವತ್ತು ವರ್ಷ ಹಾಳಾಗದೆ ಇತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಖಾತೆ ಪಕ್ಕಾ ಇತ್ತು. ಮತ್ತೆ ಆ ಖಾತೆ ಎಂದೂ ಚುಕ್ತಾ ಆಗುತ್ತಿರಲಿಲ್ಲ. ಆಗಲೂಬಾರದು. ಸರಿಸಮ ತೀರಿಸಿಬಿಟ್ಟರೆ "ನಮ್ಮ ಸಂಬಂಧ ಸಾಕಾತೇನು?" ಅನ್ನುತ್ತಿದ್ದರು.

ಇದನ್ನೆಲ್ಲ ನಾನು ಸಂತೆಯ ದಿನ ಊರಿನವರ ಮುಂದೆ ಸ್ವಲ್ಪ ಭಾವುಕನಾಗಿ ಹೇಳಿಬಿಟ್ಟೆ. ರೊಕ್ಕ ಬಂದು ಮನುಷ್ಯರನ್ನು ದೂರ ಮಾಡಿತು ಅನ್ನುವ ಧಾಟಿಯಲ್ಲಿ. ಊರಲ್ಲಿ ಕಟಿಂಗ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಮೊಮ್ಮಗಳ ಜೊತೆ ಬಂದಿದ್ದರು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು.

"ಕೆಲಸಕ್ಕ ಕಾಳು ಕೊಡೋ ಆಯದ ಕಾಲ ಛಲೋ ಇತ್ತು ಅಂತ ಅನ್ನಬ್ಯಾಡ್ರಿ ಮಾಸ್ತರ. ನಮ್ಮಪ್ಪ ವರ್ಷಾನುಗಟ್ಟಲೆ ಮನಿ ಮನಿಗೆ ಹೋಗಿ ಕ್ಷೌರ ಮಾಡಿದ. ಸುಗ್ಗ್ಯಾಗ ಕಣದ ಅಂಚಿಗೆ ಟವೆಲ್ ಒಡ್ಡಿ ನಿಂದರಬೇಕು. ಅವರು ಸುರುವಿದಷ್ಟ. ಕಮ್ಮಿ ಆತು ಅಂತ ಬಾಯಿ ತೆಗ್ಯಂಗಿಲ್ಲ. ನಿಮ್ಮನಿಗೆ ಬರಂಗಿಲ್ಲ ಅಂತ ಅನ್ನಾಕಂತೂ ಆಗ್ತಿರಲಿಲ್ಲ. ಈಗ ನಂದ ಅಂಗಡಿ. ರೇಟು ಗೋಡಿ ಮ್ಯಾಲೆ ಬರೆಸೀನಿ. ಗೌಡ್ರು ಬಂದ್ರೂ ಅಷ್ಟ, ನೀವು ಬಂದ್ರೂ ಅಷ್ಟ. ಕೊಟ್ಟ್ರಾ, ಮುಗೀತು. ಆ ಮುಗೀತು ಅನ್ನೋದು ಐತಲ್ರಿ, ಅದು ನಮಗ ದೊಡ್ಡದು."

ನಾನು ಸುಮ್ಮನಾದೆ. ಅಮ್ಮನಿಗೆ ಚುಕ್ತಾ ಆಗಬಾರದಾಗಿತ್ತು. ಇವರಿಗೆ ಚುಕ್ತಾ ಆಗಲೇಬೇಕಾಗಿತ್ತು. ಒಂದೇ ಊರು, ಒಂದೇ ಜೋಳ. ಅಮ್ಮ ಕಣದ ಒಳಗೆ ಕೂತು ಅಳೆದು ಕೊಡುವ ಮನೆಯವಳು, ಇವರ ಅಪ್ಪ ಹೊರಗೆ ನಿಂತವರು. ನಾನು ಇಷ್ಟು ದಿನ ಸಾಟಿಯನ್ನೂ ರೊಕ್ಕವನ್ನೂ ಅನುಕೂಲದ ತಕ್ಕಡಿಯಲ್ಲಿ ಮಾತ್ರ ತೂಗುತ್ತಿದ್ದೆ, ಯಾವುದು ಸಲೀಸು ಯಾವುದು ಕಷ್ಟ ಅಂತ. ವ್ಯತ್ಯಾಸ ಇರುವುದು ಲೆಕ್ಕ ಮುಗಿಸುವುದರಲ್ಲಿ. ರೊಕ್ಕ ಕೊಟ್ಟವನು ತಿರುಗಿ ನೋಡದೆ ಹೋಗಬಹುದು. ಕೆಲವರಿಗೆ ಅದು ಬೇರು ಕಿತ್ತ ಹಾಗೆ, ಕೆಲವರಿಗೆ ಹಗ್ಗ ಬಿಚ್ಚಿದ ಹಾಗೆ.

ಇನ್ನೊಂದು ಸಂಗತಿ ಮಕ್ಕಳೇ ತಂದರು, ಅದೂ ಮುಷ್ಟಿಯಲ್ಲಿ ಹಿಡಿದು. ತಲೆಕೂದಲು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ಸಿಗಿಸಿ ಇಡುತ್ತಾರೆ. ತಿಂಗಳಿಗೊಮ್ಮೆ ಕೂದಲಿನವನು ಬರುತ್ತಾನೆ. ಪಿನ್ನು, ಬಲೂನು, ಕೂದಲು ಜಾಸ್ತಿ ಇದ್ದರೆ ಸ್ಟೀಲಿನ ಬಟ್ಟಲು ಕೊಟ್ಟು ಒಯ್ಯುತ್ತಾನೆ. ಹಳೆ ಕಬ್ಬಿಣಕ್ಕೆ ಉಳ್ಳಾಗಡ್ಡಿ, ಹಳೆ ಬಟ್ಟೆಗೆ ಪಾತ್ರೆ ಕೊಡುವವರ ಸಾಲಿನಲ್ಲೇ ಇವನೂ. ಆ ಕೂದಲು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಒಬ್ಬಳಿಗೆ ಗೊತ್ತಿತ್ತು, ಅವಳ ಚಿಗವ್ವ ಅಲ್ಲೇ ಕೆಲಸ ಮಾಡುತ್ತಾಳೆ. ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರ. ಅಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಬೇರೆ ಮಾಡಿ ಕಟ್ಟುತ್ತಾರೆ. ಅಲ್ಲಿಂದ ಹೊರದೇಶಕ್ಕೆ. ವಿಗ್ ಆಗುತ್ತದೆ, ಡಾಲರ್ ಬರುತ್ತದೆ.

ಹಲಗೆಯ ಮೇಲೆ ಗೆರೆ ಎಳೆದು ಬರೆದೆವು. ಈ ತುದಿಗೆ ಬಲೂನು, ಆ ತುದಿಗೆ ಡಾಲರ್. ನಡುವೆ ಎಷ್ಟು ಕೈ! "ಬಲೂನ್ ಎಷ್ಟ್ ರೂಪಾಯಿ?" ಎಲ್ಲರಿಗೂ ಗೊತ್ತು. "ಕೂದಲು ಕಿಲೋಕ್ಕೆ ಎಷ್ಟು?" ಯಾರಿಗೂ ಗೊತ್ತಿಲ್ಲ. ಅಲ್ಲೇ ಇರುವುದು ಗುಟ್ಟು. ಸಾಟಿ ಮಾಡುವಾಗ ಇಬ್ಬರಿಗೂ ಎರಡೂ ವಸ್ತುವಿನ ಬೆಲೆ ಗೊತ್ತಿದ್ದರೆ ಪರವಾಗಿಲ್ಲ. ಒಬ್ಬನಿಗೆ ಮಾತ್ರ ಗೊತ್ತಿದ್ದರೆ ಬಲೂನು ಬಹಳ ತುಟ್ಟಿ ಬೀಳುತ್ತದೆ. ಮುಂದಿನ ಸಲ ಕೂದಲಿನವನು ಬಂದಾಗ ಮೂರು ಮನೆಯವರು "ರೊಕ್ಕದಾಗ ಎಷ್ಟು ಕೊಡ್ತಿ ಮೊದಲು ಹೇಳು, ಆಮ್ಯಾಲೆ ಬಟ್ಟಲು ತೋರಿಸು" ಅಂದರಂತೆ. ಅವನು ನಮ್ಮ ಶಾಲೆಯನ್ನು ಬೈದುಕೊಂಡು ಹೋದನಂತೆ. ನನ್ನ ಕೆಲಸದಲ್ಲಿ ಇಂಥ ಬೈಗುಳ ಸಿಗುವುದು ಅಪರೂಪ.

ಇಷ್ಟೆಲ್ಲ ಆದ ಮೇಲೆ ಹಲಗೆಯನ್ನು ಎರಡು ಪಾಲು ಮಾಡಿದೆ. ಈ ಕಡೆ ಸಾಟಿ, ಆ ಕಡೆ ರೊಕ್ಕ. ನೀವು ಮನೆಯಲ್ಲಿ ನೋಡುವ ಕೊಡು-ಕೊಳ್ಳುವಿಕೆ ಎಲ್ಲ ಹೇಳಿ, ಯಾವ ಕಡೆ ಬರೆಯಲಿ ಅಂದೆ. ಹಾಲು ಡೇರಿಗೆ ಹಾಕುವುದು, ರೊಕ್ಕ. ಬಟ್ಟೆಗೆ ಪಾತ್ರೆ, ಸಾಟಿ. ನಡುವೆ ಒಬ್ಬ ಕೇಳಿದ.

"ಸರ್, ಗವಿಮಠಕ್ಕ ರೊಟ್ಟಿ ಕೊಡ್ತೀವಲ್ರಿ, ಅದು ಯಾವ ಕಡೆ?"

ಜನವರಿಯ ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದಿತ್ತು. ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಕೊಪ್ಪಳಕ್ಕೆ ಒಯ್ಯುತ್ತಾರೆ. ದವಸ, ಕಾಯಿಪಲ್ಲೆ, ಬೆಲ್ಲ ಕೂಡ. ಯಾರು ತಿನ್ನುತ್ತಾರೆ ಅಂತ ರೊಟ್ಟಿ ಬಡಿದವಳಿಗೆ ಗೊತ್ತಿರುವುದಿಲ್ಲ. ಯಾರು ಬಡಿದದ್ದು ಅಂತ ತಿಂದವನಿಗೂ ಗೊತ್ತಿರುವುದಿಲ್ಲ. "ನಾವೂ ಹೋಗಿ ಊಟ ಮಾಡ್ತೀವಲ್ಲ, ಸಾಟಿ ಆತು" ಅಂದ ಒಬ್ಬ. "ಹೋಗದಿದ್ರೂ ಕೊಡ್ತೀವಲ್ಲ" ಅಂದಳು ಇನ್ನೊಬ್ಬಳು. ನಾನು ಗೆರೆಯ ಮೇಲೇ, ಎರಡೂ ಕಡೆ ಅಲ್ಲದ ಹಾಗೆ "ರೊಟ್ಟಿ" ಅಂತ ಬರೆದೆ. ಗಂಟೆ ಹೊಡೆಯಿತು. ಹಲಗೆ ಒರೆಸುವ ಸರದಿಯ ಹುಡುಗ ಎಲ್ಲ ಒರೆಸಿ ಅದೊಂದನ್ನು ಬಿಟ್ಟು ಹೋದ. ಬೇಕಂತಲೋ ಮರೆತೋ ಗೊತ್ತಿಲ್ಲ.

ಒಂದು ಬಾಕಿ ಉಳಿದಿದೆ. ಸಂತೆಯ ದಿನ ಕೊನೆಗೆ ನಾನು ಬಾರಿಹಣ್ಣಿನ ಹುಡುಗಿಯ ಹತ್ತಿರ 10 ರೂಪಾಯಿಯ ಹಣ್ಣು ತಗೊಂಡು 20ರ ನೋಟು ಕೊಟ್ಟಿದ್ದೆ. ಅವಳ ಹತ್ತಿರ ಚಿಲ್ಲರೆ ಇರಲಿಲ್ಲ. "ಆಮ್ಯಾಲೆ ಕೊಡ್ತೀನ್ರಿ ಸರ್" ಅಂದಿದ್ದಳು. ನಾನು ಬಿಡು ಅಂದರೂ ಕೇಳಿರಲಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ರೊಕ್ಕ ಇರಲಿಲ್ಲ, ಲಂಗದ ಮಡಿಲಲ್ಲಿ ಬಾರಿಹಣ್ಣು ಇತ್ತು. ನನ್ನ ಟೇಬಲ್ಲಿನ ಮೇಲೆ ಎಣಿಸಿ ಎಣಿಸಿ ಇಟ್ಟಳು. ಸಂತೆಯ ದಿನ 10 ರೂಪಾಯಿಗೆ 40 ಹಣ್ಣು ಕೊಟ್ಟಿದ್ದಳು. ಈಗ 25ಕ್ಕೆ ನಿಲ್ಲಿಸಿದಳು.

"ಚುಕ್ತಾ ಆತ್ರಿ ಸರ್" ಅಂದಳು.

"ಅದ್ಹೆಂಗ? ಇನ್ನಾ ಹದಿನೈದು ಬರಬೇಕಲ್ಲ?"

"ಅವತ್ತ ಸಂತ್ಯಾಗ ಮೂರು ಮಂದಿ ತಂದಿದ್ರು ಸರ್. ಇವತ್ತು ನನ್ನ ಕಡೆ ಅಷ್ಟ ಅದಾವ" ಅಂದಳು. ಮಡಿಲು ಕೊಡವಿಕೊಂಡು ಪ್ರಾರ್ಥನೆಯ ಸಾಲಿಗೆ ಓಡಿದಳು.